ಚಿಕ್ಕ ಮಕ್ಕಳ ಅಪ್ಪ ಅಮ್ಮನಿಗೆ ಸಲಹೆ ಸಾಕು, ಕೈ ಜೋಡಿಸೋರು ಬೇಕು

(ಪ್ರೀಸ್ಕೂಲ್ ಮಕ್ಕಳ ಪೋಷಕರ ಮುಂದೆ ಆಡಿದ ಮಾತು. ಬಂದೋರಲ್ಲಿ ಕೆಲವರು ಬರೆದು ಹಾಕಿ ಅಂದ್ರು, ಅದಕ್ಕೆ ಮಾತಾಡಿದ ಹಾಗೇ ಟೈಪ್ ಮಾಡಿದೀನಿ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನ ಕರ್ಕೊಂಡು ಬಂದಿರೋರು ಆರಾಮಾಗಿ ಕೂತ್ಕೊಳ್ಳಿ, ಅವು ಓಡಾಡ್ಲಿ, ಕಿರುಚಲಿ, ನಂಗೇನೂ ತೊಂದ್ರೆ ಇಲ್ಲ. ಮಧ್ಯದಲ್ಲಿ ಎದ್ದು ಹೋಗ್ಬೇಕಾದ್ರೆ ಹೋಗಿ ಬನ್ನಿ, ಯಾರ ಹತ್ರಾನೂ ಸಾರಿ ಕೇಳೋ ಅಗತ್ಯ ಇಲ್ಲ.

ಇವತ್ತು ಎರಡರಿಂದ ಐದು ವರ್ಷದ ಮಕ್ಕಳ ಮನೆ ಬಗ್ಗೆ ಮಾತಾಡ್ತೀನಿ. ಮಕ್ಕಳ ಬಗ್ಗೆ ಮಾತ್ರ ಅಲ್ಲ, ಮನೆ ಬಗ್ಗೆ. ಯಾಕಂದ್ರೆ ಮಕ್ಕಳು ಹೀಗೆ ಮಾಡಿದ್ರೆ ನೀವು ಹೀಗೆ ಮಾಡಿ ಅಂತ ಹೇಳೋರು ನಿಮಗೆ ಬೇಕಾದಷ್ಟು ಜನ ಇದಾರೆ, ಮೊಬೈಲ್ ತೆಗೆದ್ರೆ ಸಾಕು ಹತ್ತು ವಿಡಿಯೋ ಬರತ್ತೆ, ಮನೆಗೆ ಬಂದೋರು ಹೋಗೋರು ಎಲ್ರೂ ಒಂದೊಂದು ಹೇಳಿ ಹೋಗ್ತಾರೆ, ಆದ್ರೆ ಸಂಜೆ ಆರೂವರೆಗೆ ಮಗು ನೆಲಕ್ಕೆ ಬಿದ್ದು ಹೊರಳಾಡ್ತಿರೋವಾಗ ಒಲೆ ಆರಿಸೋಕೆ ಇನ್ನೊಬ್ರು ಮನೇಲಿ ಇದಾರಾ ಅನ್ನೋದನ್ನ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಮೊದಲು ಹಠದ ವಿಷಯಕ್ಕೆ ಬರೋಣ, ಬಾಗಿಲಲ್ಲಿ ನಿಮ್ಮಲ್ಲಿ ಜಾಸ್ತಿ ಜನ ಕೇಳಿದ್ದೇ ಅದು. ಬೆಳಗ್ಗೆ ಎಂಟೂಕಾಲು ಅಂದ್ಕೊಳ್ಳಿ. ಮಗು ಬಾಗಿಲ ಹತ್ರ ಕೂತಿದೆ, ಒಂದು ಶೂ ಕೈಲಿದೆ, ಇನ್ನೊಂದು ಕಾಲಲ್ಲಿ, ಅದೂ ಎಡಗಾಲಿಂದು ಬಲಗಾಲಿಗೆ. ನೀವು ಬ್ಯಾಗ್ ಹೆಗಲಿಗೆ ಹಾಕಿ ನಿಂತಿದೀರ. "ಕೊಡು ಇಲ್ಲಿ, ನಾನ್ ಹಾಕ್ತೀನಿ" ಅಂತ ಬಗ್ಗಿ ಒಂದೇ ಸೆಕೆಂಡಲ್ಲಿ ಹಾಕಿಬಿಟ್ರಿ. ಮುಗೀತು. ಮಗು ಎರಡೂ ಶೂ ಕಿತ್ತು ಎಸೆದು, ಸಾಕ್ಸೂ ಕಿತ್ತು, ಮೈಯೆಲ್ಲ ಸೆಟೆದು, "ನಾನೇ ನಾನೇ" ಅಂತ ಉಸಿರು ಕಟ್ಟೋ ಹಾಗೆ ಅಳೋಕೆ ಶುರು. ನಿಮ್ಮ ಕಣ್ಣಿಗೆ ಇದು ಒಂದು ಶೂ. ಮಗುವಿಗೆ ಅದು ಬೆಳಗ್ಗೆ ಎದ್ದಾಗಿಂದ ತನ್ನ ಕೈಲಿದ್ದ ಒಂದೇ ಒಂದು ಕೆಲಸ, ಯಾಕಂದ್ರೆ ಎದ್ದೇಳೋದು, ಹಲ್ಲುಜ್ಜೋದು, ಬಟ್ಟೆ, ತಿಂಡಿ, ಎಲ್ಲ ನಿಮ್ಮ ಟೈಮ್ ಪ್ರಕಾರಾನೇ ಆಯ್ತು.

ಇಲ್ಲಿ ಒಂದು ವಿಷಯ ತಿಳ್ಕೊಂಡ್ರೆ ಬಹಳ ಸಿಟ್ಟು ಕಮ್ಮಿ ಆಗತ್ತೆ. ಬಂದ ಆಸೆಯನ್ನ ತಡ್ಕೊಳ್ಳೋದು, ಕಾಯೋದು, ಸಿಟ್ಟು ಬಂದ್ರೂ ಕೈ ಎತ್ತದೆ ಇರೋದು, ಇದಕ್ಕೆಲ್ಲ ಮೆದುಳಿನ ಮುಂಭಾಗ ಬೇಕು, ಆ ಭಾಗ ಪೂರ್ತಿ ಬಲಿಯೋಕೆ ಮನುಷ್ಯನಿಗೆ ಇಪ್ಪತ್ತು ದಾಟಿ ಇಪ್ಪತ್ತೈದರ ಹತ್ರ ಆಗತ್ತೆ. ಮೂರು ವರ್ಷದ ಮಗುವಲ್ಲಿ ಇಂಜಿನ್ ಜೋರಾಗಿದೆ, ಬ್ರೇಕ್ ಇನ್ನೂ ಜೋಡಿಸ್ತಾ ಇದಾರೆ. ಹಾಗಾಗಿ ಮಗು ಸಮಾಧಾನ ಆಗೋದನ್ನ ಹತ್ತಿರ ಇರೋ ದೊಡ್ಡೋರಿಂದ ಸಾಲ ತಗೊಳತ್ತೆ, ನಿಮ್ಮ ಉಸಿರು, ನಿಮ್ಮ ದನಿ, ನಿಮ್ಮ ಮುಖ ನೋಡಿ ನಿಧಾನಕ್ಕೆ ಇಳಿಯತ್ತೆ. ಒಂದೂವರೆ ವರ್ಷದಿಂದ ಮೂರು ಮೂರೂವರೆ ತನಕ ಈ ರಂಪ ಜಾಸ್ತಿ, ಆಮೇಲೆ ಮಾತು ಬೆಳೆದ ಹಾಗೆ ತಾನಾಗೇ ಕಮ್ಮಿ ಆಗ್ತಾ ಬರತ್ತೆ, ಯಾಕಂದ್ರೆ ಬೇಡ ಅನ್ನೋದನ್ನ ಬಾಯಲ್ಲಿ ಹೇಳೋಕೆ ಬಂದ್ರೆ ಕಾಲಲ್ಲಿ ಒದ್ದು ಹೇಳೋ ಅಗತ್ಯ ಇರಲ್ಲ.

ರಂಪ ನಡೀತಿರೋವಾಗ ಬುದ್ಧಿ ಹೇಳೋಕೆ ಹೋಗ್ಬೇಡಿ, ಆಗ ಏನೂ ಒಳಗೆ ಹೋಗಲ್ಲ. ಕೆಳಗೆ ಕೂತ್ಕೊಳ್ಳಿ, ಮಾತು ಕಮ್ಮಿ ಮಾಡಿ, "ನೀನೇ ಹಾಕ್ಕೋಬೇಕಿತ್ತು, ನಾನು ಹಾಕ್ಬಿಟ್ಟೆ, ಸಿಟ್ಟು ಬಂತು" ಅಂತ ಅದರ ಪರವಾಗಿ ನೀವೇ ಒಂದು ಸಲ ಹೇಳಿ, ಆಮೇಲೆ ಸುಮ್ನಿರಿ. ಇದ್ರರ್ಥ ಕೇಳಿದ್ದೆಲ್ಲ ಕೊಡಿ ಅಂತಲ್ಲ. ಇಲ್ಲ ಅಂದಿದ್ದು ಇಲ್ಲಾನೇ, ಅಳೋಕೆ ಮಾತ್ರ ಅವಕಾಶ ಇದೆ ಅಷ್ಟೇ. ಅತ್ತಿದ್ದಕ್ಕೆ ಹೆದರಿ ಮೂರನೇ ಸಲ ಹೂಂ ಅಂದ್ರೆ, ಮುಂದಿನ ಸಲ ಮಗು ಮೂರನೇ ಸಲದ ತನಕ ಅಳತ್ತೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ, ಅದು ಸರಿಯಾಗೇ ಕಲಿತಿದೆ.

ಹೊಡೆಯೋ ವಿಷಯ ಕೇಳಿದ್ರಿ. ನಾನು ಬೇಡ ಅಂತಲೇ ಹೇಳ್ತೀನಿ, ಮೆತ್ತಗೂ ಬೇಡ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 2018ರಲ್ಲಿ ಹೊಡೆಯೋದು, ಕಿರುಚಿ ಅವಮಾನ ಮಾಡೋದು ಎರಡೂ ಬೇಡ ಅಂತ ಸ್ಪಷ್ಟವಾಗಿ ಬರೆದು ಹೇಳಿದೆ, ಯಾಕಂದ್ರೆ ಆ ಕ್ಷಣಕ್ಕೆ ಮಗು ನಿಲ್ಲತ್ತೆ, ಆದ್ರೆ ಮುಂದೆ ಅದರ ಮೊಂಡುತನ ಹೊಡೆದಾಟ ಕಮ್ಮಿ ಆಗೋದಿಲ್ಲ, ಜಾಸ್ತೀನೇ ಆಗತ್ತೆ. ಆದ್ರೆ ಹೊಡೆದ ಅಪ್ಪ ಅಮ್ಮನನ್ನ ನೋಡಿದ್ರೆ ನಂಗೆ ಮೊದಲು ಕಾಣೋದು ಸುಸ್ತು. ಮೂರು ರಾತ್ರಿ ನಿದ್ದೆ ಇಲ್ಲದೆ, ಒಬ್ರೇ ಎರಡು ಮಕ್ಕಳನ್ನ ನೋಡ್ಕೊಂಡು, ಕೆಲಸದ ಫೋನ್ ಬೇರೆ ಬರ್ತಾ ಇರೋವಾಗ ಕೈ ಎದ್ದಿರತ್ತೆ. ಅವರಿಗೆ ಹೊಡೀಬೇಡಿ ಅಂತ ಮಾತ್ರ ಹೇಳಿ ಕಳಿಸೋದು ಅರ್ಧ ಕೆಲಸ. ಕೈ ಎತ್ತೋ ಹಾಗೆ ಆದಾಗ ಮಗುವನ್ನ ಸುರಕ್ಷಿತವಾದ ಜಾಗದಲ್ಲಿ ಕೂರಿಸಿ, ಪಕ್ಕದ ರೂಮಿಗೆ ಹೋಗಿ ಒಂದೆರಡು ನಿಮಿಷ ನಿಂತ್ಕೊಳ್ಳಿ, ಮುಖಕ್ಕೆ ನೀರು ಹಾಕ್ಕೊಳ್ಳಿ. ಮಗು ಅಳ್ತಾ ಇರತ್ತೆ, ಪರವಾಗಿಲ್ಲ, ಆ ಎರಡು ನಿಮಿಷ ಅತ್ತರೆ ಏನೂ ಆಗಲ್ಲ.

ಇನ್ನು ಊಟ. ಎಷ್ಟು ಮನೆಯಲ್ಲಿ ದಿನಕ್ಕೆ ಮೂರು ಸಲ ಯುದ್ಧ ಆಗೋದು ಇಲ್ಲೇ. ಒಂದು ಲೆಕ್ಕ ಹೇಳ್ತೀನಿ. ಹುಟ್ಟಿದಾಗ ಇದ್ದ ತೂಕ ಒಂದು ವರ್ಷಕ್ಕೆ ಹೆಚ್ಚುಕಮ್ಮಿ ಮೂರು ಪಟ್ಟಾಗತ್ತೆ. ಆದ್ರೆ ಎರಡರಿಂದ ಐದು ವರ್ಷದ ಮಧ್ಯೆ ವರ್ಷಕ್ಕೆ ಸುಮಾರು 2 ಕೆಜಿ ಏರತ್ತೆ ಅಷ್ಟೇ. ಬೆಳವಣಿಗೆ ನಿಧಾನ ಆದ್ಮೇಲೆ ಹಸಿವೂ ಕಮ್ಮಿ ಆಗಲೇಬೇಕಲ್ವಾ? ನಾವು ಮಾತ್ರ ಚಿಕ್ಕದಿದ್ದಾಗ ಎಷ್ಟು ಚೆನ್ನಾಗಿ ತಿಂತಿತ್ತು ಈಗ ಏನಾಯ್ತು ಅಂತ ಹಿಂದೆ ಓಡ್ತೀವಿ. ಜೊತೆಗೆ ಈ ವಯಸ್ಸಲ್ಲಿ ಹೊಸ ರುಚಿ ಕಂಡ್ರೆ ಹೆದರೋದು ಸಹಜ, ಒಂದು ಹೊಸ ತರಕಾರಿನ ಮಗು ಒಪ್ಪೋಕೆ ಎಂಟು ಹತ್ತು ಸಲ, ಕೆಲವು ಸಲ ಹದಿನೈದು ಸಲಾನೂ ತಟ್ಟೆಯಲ್ಲಿ ನೋಡ್ಬೇಕಾಗತ್ತೆ, ಮುಟ್ಟಬೇಕಾಗತ್ತೆ, ನೆಕ್ಕಿ ಉಗೀಬೇಕಾಗತ್ತೆ. ನಾವು ಎರಡನೇ ಸಲಕ್ಕೆ ಇದಕ್ಕೆ ಇಷ್ಟ ಇಲ್ಲ ಅಂತ ಬಿಟ್ಟುಬಿಡ್ತೀವಿ.

ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರ ತಜ್ಞೆಯೊಬ್ರು ಒಂದು ದಾರಿ ಹೇಳಿಕೊಟ್ಟಿದಾರೆ, ನಂಗೆ ಬಹಳ ಇಷ್ಟ ಅದು: ಏನು ಕೊಡೋದು, ಯಾವಾಗ, ಎಲ್ಲಿ ಕೂತು, ಇದು ದೊಡ್ಡೋರು ತೀರ್ಮಾನ ಮಾಡೋದು, ತಿನ್ನೋದಾ ಬೇಡ್ವಾ, ಎಷ್ಟು ತಿನ್ನೋದು, ಇದು ಮಗು ತೀರ್ಮಾನ ಮಾಡೋದು. ಹೇಳೋಕೆ ಸುಲಭ, ಗೊತ್ತು. ಮಗು ಎರಡು ತುತ್ತು ತಿಂದು ಎದ್ದು ಹೋದಾಗ ಸುಮ್ನಿರೋದು ಎಷ್ಟು ಕಷ್ಟ ಅಂತ ಇಲ್ಲಿ ಕೂತಿರೋ ಎಲ್ರಿಗೂ ಗೊತ್ತು, ಅದರಲ್ಲೂ ಪಕ್ಕದಲ್ಲಿ ಯಾರಾದ್ರೂ "ಮಗು ಏನು ಇಷ್ಟು ಸಣ್ಣ ಆಗಿದೆ" ಅಂದ್ರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗತ್ತೆ. ದಯವಿಟ್ಟು ಯಾರ ಮನೆಗೆ ಹೋದ್ರೂ ಆ ಒಂದು ಮಾತು ಆಡ್ಬೇಡಿ. ಡಾಕ್ಟರ್ ಹತ್ರ ತೂಕ ಎತ್ತರದ ಚಾರ್ಟ್ ಇರತ್ತೆ, ಮಗು ತನ್ನ ಗೆರೆ ಹಿಡ್ಕೊಂಡು ಮೇಲೆ ಹೋಗ್ತಿದ್ರೆ, ಆಟ ಆಡ್ಕೊಂಡು ಚುರುಕಾಗಿದ್ರೆ ಸಾಕು. ಗೆರೆ ಬಿಟ್ಟು ಕೆಳಗೆ ಇಳೀತಾ ಇದ್ರೆ ತೋರಿಸಿ.

ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತ ಒಂದು ಮಾರ್ಗಸೂಚಿ ತಂದಿದೆ. ಅದರ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದೋರಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿ. ಸಂಜೆ ಕಾರಣವೇ ಇಲ್ಲದೆ ಅಳೋ ಎಷ್ಟೋ ಮಕ್ಕಳದ್ದು ಬರೀ ನಿದ್ದೆ ಸಾಲದ ಕೇಸು. ರಾತ್ರಿ ಮಲಗಿ ಒಂದೆರಡು ಗಂಟೆಗೆ ಮಗು ಕಣ್ಣು ಬಿಟ್ಕೊಂಡೇ ಚೀರತ್ತೆ, ಕರೆದ್ರೆ ಗುರುತೇ ಸಿಗದೋರ ಹಾಗೆ ಮಾಡತ್ತೆ, ಬೆಳಗ್ಗೆ ಕೇಳಿದ್ರೆ ಏನೂ ನೆನಪಿಲ್ಲ, ಇದನ್ನ ನೋಡಿ ಗಾಬರಿ ಆಗಿರೋರು ಇಲ್ಲಿ ಇರಬಹುದು. ಅದು ಗಾಢ ನಿದ್ದೆಯಲ್ಲೇ ಆಗೋದು, ಎಬ್ಬಿಸೋಕೆ ಹೋಗ್ಬೇಡಿ, ಬೀಳದ ಹಾಗೆ ನೋಡ್ಕೊಂಡು ಪಕ್ಕದಲ್ಲಿರಿ, ತಾನಾಗೇ ಮಲಗತ್ತೆ. ಕೆಟ್ಟ ಕನಸು ಬೇರೆ, ಅದು ಬೆಳಗಿನ ಜಾವದ ಕಡೆ ಬರತ್ತೆ, ಮಗು ಪೂರ್ತಿ ಎದ್ದಿರತ್ತೆ, ನಿಮ್ಮನ್ನ ತಬ್ಕೊಳತ್ತೆ, ಅದಕ್ಕೆ ಸಮಾಧಾನ ಬೇಕು. ಹಾಸಿಗೆ ಒದ್ದೆ ಮಾಡೋದಕ್ಕಂತೂ ಬೈಲೇಬೇಡಿ, ಐದು ವರ್ಷ ತುಂಬಿದ ಮಕ್ಕಳಲ್ಲೂ ನೂರಕ್ಕೆ ಸುಮಾರು 15ರಿಂದ 20 ಮಕ್ಕಳು ರಾತ್ರಿ ಒದ್ದೆ ಮಾಡ್ತಾರೆ, ಅದು ಸೋಮಾರಿತನ ಅಲ್ಲ.

ಅದೇ ಮಾರ್ಗಸೂಚಿಯಲ್ಲಿ ಸ್ಕ್ರೀನ್ ಬಗ್ಗೆ ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಬೇಡ, ಕಮ್ಮಿ ಆದಷ್ಟೂ ಒಳ್ಳೇದು ಅಂತಿದೆ. ಇದು ಎಲ್ರಿಗೂ ಗೊತ್ತಿರೋದೇ, ಗೊತ್ತಿದ್ದೂ ಮೊಬೈಲ್ ಕೊಡ್ತೀವಿ. ಯಾಕೆ ಕೊಡ್ತೀವಿ? ಸ್ನಾನ ಮಾಡ್ಬೇಕು, ಅಡುಗೆ ಆಗ್ಬೇಕು, ಮಗು ನೋಡ್ಕೊಳ್ಳೋರು ಇನ್ನೊಬ್ರಿಲ್ಲ. ಮೊಬೈಲ್ ಆ ಇನ್ನೊಬ್ರ ಕೆಲಸ ಮಾಡ್ತಿದೆ. ಹಾಗಾಗಿ ಮೊಬೈಲ್ ಕೊಡ್ಬೇಡಿ ಅನ್ನೋ ಮೊದಲು ಆ ಅರ್ಧ ಗಂಟೆ ಮಗುವನ್ನ ಯಾರು ಹಿಡ್ಕೋತಾರೆ ಅನ್ನೋದನ್ನ ಮನೆಯವರೆಲ್ಲ ಕೂತು ಮಾತಾಡ್ಬೇಕು. ಯಾರೂ ಇಲ್ಲ ಅಂದ್ರೆ, ಕೊಡಿ, ಗಿಲ್ಟ್ ಬೇಡ, ಆದ್ರೆ ದಿನಾ ಒಂದೇ ಹೊತ್ತಿಗೆ ಕೊಡಿ, ಊಟಕ್ಕೂ ನಿದ್ದೆಗೂ ಕೊಡ್ಬೇಡಿ, ಮುಗಿಯೋ ಮುಂಚೆ ಇದು ಕೊನೇದು ಅಂತ ಹೇಳಿ ಇಡಿ. ಅತ್ತಾಗೆಲ್ಲ ಕೊಡೋದು ಮಾತ್ರ ಬೇಡ, ಅಳು ಇಳಿಸ್ಕೊಳ್ಳೋದನ್ನ ಮಗು ಕಲಿಯೋದೇ ಇಲ್ಲ ಆಗ.

ಪ್ರೀಸ್ಕೂಲಿಗೆ ಸೇರಿಸಿದ ಮೊದಲ ವಾರಗಳ ಬಗ್ಗೆ ಎರಡೇ ಮಾತು. ಮಗು ಬೇರೆ ಕಡೆ ನೋಡ್ತಿರೋವಾಗ ಕದ್ದು ಬರ್ಬೇಡಿ. ಆ ಹೊತ್ತಿಗೆ ಅಳು ತಪ್ಪತ್ತೆ ನಿಜ, ಆದ್ರೆ ಆಮೇಲೆ ಮನೇಲೂ ನೀವು ಬಾತ್‌ರೂಮಿಗೆ ಹೋದ್ರೂ ಹಿಂದೇನೇ ಬರತ್ತೆ, ಯಾವಾಗ ಮಾಯ ಆಗ್ತೀರೋ ಅಂತ. ಹೇಳಿ ಹೊರಡಿ, ಚಿಕ್ಕದಾಗಿ ಹೇಳಿ, ಒಂದು ಸಲ ಹೇಳಿದ್ಮೇಲೆ ವಾಪಸ್ ತಿರುಗಿ ಹೋಗ್ಬೇಡಿ, ಹೇಳಿದ ಟೈಮಿಗೆ ಬನ್ನಿ. ಎರಡನೇದು, ಮೊದಲ ವರ್ಷ ಮಗು ಪದೇ ಪದೇ ಹುಷಾರು ತಪ್ಪತ್ತೆ, ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗೋದು ಮಾಮೂಲು. ಅಷ್ಟೂ ಸಲ ರಜೆ ಹಾಕೋದು ಯಾರು? ಇದನ್ನ ಸೇರಿಸೋ ಮುಂಚೇನೇ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ಪ್ರತಿ ಸಲ ಜ್ವರ ಬಂದಾಗ ಬೆಳಗ್ಗೆ ಏಳಕ್ಕೆ ಜಗಳ ಶುರುವಾಗತ್ತೆ, ಸೋಲೋದು ಯಾವಾಗ್ಲೂ ಒಬ್ರೇ ಆಗಿರ್ತಾರೆ. ಕೆಲಸ ಕೊಡೋರೂ ಇದನ್ನ ಅರ್ಥ ಮಾಡ್ಕೋಬೇಕು, ಅಮ್ಮ ರಜೆ ಕೇಳಿದ್ರೆ ಒಪ್ಪಿ, ಅಪ್ಪ ಕೇಳಿದ್ರೆ "ಮನೇಲಿ ಹೆಂಡ್ತಿ ಇಲ್ವಾ" ಅನ್ನೋ ಬಾಸ್ ಇದ್ರೆ ಮನೆ ಒಳಗೆ ಎಷ್ಟು ಸಮಾನತೆ ಮಾತಾಡಿದ್ರೂ ನಡೆಯಲ್ಲ.

ಕೆಲವು ವಿಷಯಕ್ಕೆ ಮಾತ್ರ ಕಾಯ್ಬೇಡಿ, ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳ್ತಿಲ್ಲ, ಮೂರು ವರ್ಷಕ್ಕೆ ಹೊರಗಿನೋರಿಗೆ ಮಗು ಮಾತು ಬಹುತೇಕ ಅರ್ಥ ಆಗ್ತಿಲ್ಲ, ಹೆಸರು ಕರೆದ್ರೆ ತಿರುಗಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ ಅಂದ್ರೆ ಡಾಕ್ಟರ್‌ಗೆ ತೋರಿಸಿ, ಕಿವಿ ಟೆಸ್ಟ್ ಮಾಡ್ಸಿ. ಬರ್ತಿದ್ದ ಮಾತು, ಬರ್ತಿದ್ದ ಆಟ ನಿಂತು ಹೋದ್ರೆ ಅದೇ ವಾರ ತೋರಿಸಿ. ಮನೆಯಲ್ಲಿ "ಇವರಪ್ಪನೂ ಲೇಟಾಗೇ ಮಾತಾಡಿದ್ದು" ಅನ್ನೋರು ಇರ್ತಾರೆ, ಪ್ರೀತಿಯಿಂದಾನೇ ಅಂತಾರೆ, ಆದ್ರೂ ತೋರಿಸ್ಕೊಂಡು ಬನ್ನಿ. ಏನೂ ಇಲ್ಲ ಅಂದ್ರೆ ನೆಮ್ಮದಿ, ಏನಾದ್ರೂ ಇದ್ರೆ ಈ ವಯಸ್ಸಲ್ಲಿ ಸಿಕ್ಕ ಸಹಾಯ ತುಂಬಾ ಉಪಯೋಗಕ್ಕೆ ಬರತ್ತೆ. ಮಿಕ್ಕಿದ ಹೋಲಿಕೆ ಎಲ್ಲ ಬಿಟ್ಟುಬಿಡಿ, ಯಾರ ಮಗು ಎಬಿಸಿಡಿ ಬರೆಯತ್ತೆ, ಯಾರದು ಇಪ್ಪತ್ತು ರೈಮ್ಸ್ ಹೇಳತ್ತೆ, ಮೂರು ವರ್ಷಕ್ಕೆ ಅದರಿಂದ ಏನೂ ತಿಳಿಯಲ್ಲ.

ಈಗ ನಿಮ್ಮ ವಿಷಯ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರ್, ಮನೋವಿಶ್ಲೇಷಕರೂ ಹೌದು, 1950ರ ದಶಕದಲ್ಲೇ ಬರೆದ್ರು, ಮಗುವಿಗೆ ಪರಿಪೂರ್ಣ ಅಮ್ಮ ಬೇಡ, ಸಾಕಷ್ಟು ಒಳ್ಳೆ ಅಮ್ಮ ಸಾಕು ಅಂತ. ಮಗು ಬೆಳೆದ ಹಾಗೆ ಅಮ್ಮ ಅಲ್ಲಲ್ಲಿ ತಡ ಮಾಡ್ತಾಳೆ, ಅಲ್ಲಲ್ಲಿ ಇಲ್ಲ ಅಂತಾಳೆ, ಮಗು ಅದನ್ನ ತಾಳ್ಕೊಳ್ಳೋದು ಕಲಿಯತ್ತೆ. ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಅಮ್ಮ ಮಗು ಎದುರುಬದುರು ಕೂತಿರೋದನ್ನ ವಿಡಿಯೋ ಮಾಡಿ ಕ್ಷಣ ಕ್ಷಣ ನೋಡಿದ್ರು, ಚೆನ್ನಾಗಿರೋ ಜೋಡಿಗಳಲ್ಲೂ ತಾಳ ತಪ್ಪೋದೇ ಹೆಚ್ಚು ಹೊತ್ತು, ಮುಖ್ಯವಾದ್ದು ತಪ್ಪಿದ್ಮೇಲೆ ಮತ್ತೆ ಸೇರ್ಕೊಳ್ಳೋದು ಅಂತ ಅವರಿಗೆ ಕಾಣಿಸ್ತು. ಅಂದ್ರೆ ಬೆಳಗ್ಗೆ ರೇಗಾಡಿದ್ರೆ ಸಂಜೆ ಕೂತು "ಬೆಳಗ್ಗೆ ಜೋರಾಗಿ ಕಿರುಚಿಬಿಟ್ಟೆ, ನಿಂಗೆ ಭಯ ಆಯ್ತಲ್ವಾ" ಅನ್ನಬಹುದು. ಹಾಗಂದ್ರೆ ಮಗು ಎದುರು ಸಣ್ಣೋರಾಗ್ತೀವಿ ಅಂತ ಕೆಲವರು ಅಂದ್ಕೋತಾರೆ, ಇಲ್ಲ ಕಣ್ರೀ, ಮಗುವಿನ ಭಯ ಹೋಗತ್ತೆ, ಅಷ್ಟೇ.

ಒಂದು ಎಚ್ಚರ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಮಗು ಮಲಗಿದ್ರೂ ನಿಮಗೆ ನಿದ್ದೆ ಬರಲ್ಲ, ನಾನಿಲ್ಲದೆ ಇದ್ರೇನೇ ಇವರೆಲ್ಲ ಚೆನ್ನಾಗಿರ್ತಾರೆ ಅನ್ನಿಸ್ತಿದೆ ಅಂದ್ರೆ ಅದು ಬರೀ ಸುಸ್ತಲ್ಲ. ಹೆರಿಗೆ ಆಗಿ ಮೂರು ವರ್ಷ ಆದ್ಮೇಲೂ ಡಿಪ್ರೆಶನ್ ಬರಬಹುದು, ಅಪ್ಪಂದಿರಿಗೂ ಬರತ್ತೆ. ಮಗು ಜ್ವರಕ್ಕೆ ಹೇಗೆ ತಡ ಮಾಡದೆ ಹೋಗ್ತೀರೋ ಹಾಗೇ ನಿಮಗೂ ಡಾಕ್ಟರ್ ಹತ್ರ ಹೋಗಿ. ಇರೋದೇ ಬೇಡ ಅನ್ನೋ ಯೋಚನೆ ಬಂದ್ರೆ ಎರಡು ವಾರ ಕಾಯೋದೂ ಬೇಡ, ಅವತ್ತೇ ಒಬ್ರಿಗೆ ಹೇಳಿ.

ಸಹಾಯ ಅಂದ್ರೆ ಏನು ಅಂತ ಈಗ ಹೇಳ್ಬೇಕು. "ಏನಾದ್ರೂ ಬೇಕಿದ್ರೆ ಹೇಳು" ಅಂತ ಎಲ್ರೂ ಅಂತಾರೆ, ಅದರಿಂದ ಬೇಕಾದ್ದನ್ನ ಯೋಚನೆ ಮಾಡಿ, ನಾಚಿಕೆ ಬಿಟ್ಟು, ಟೈಮ್ ನೋಡಿ ಕೇಳೋ ಕೆಲಸಾನೂ ಆ ಅಮ್ಮನ ತಲೆ ಮೇಲೇ ಬೀಳತ್ತೆ. ಅದರ ಬದಲು "ಶನಿವಾರ ನಾಲ್ಕರಿಂದ ಆರು ನಿನ್ನ ಮಗುನ ನಾನು ಪಾರ್ಕಿಗೆ ಕರ್ಕೊಂಡು ಹೋಗ್ತೀನಿ, ನೀನು ಮಲ್ಕೋ" ಅನ್ನಿ. ಕೇಳೋರೂ ಹೀಗೇ ಕೇಳಿ, ದಿನ, ಗಂಟೆ, ಕೆಲಸ ಮೂರನ್ನೂ ಹೇಳಿ, ಜನ ಒಪ್ಕೋತಾರೆ. ಒಬ್ರೇ ಮಗು ಬೆಳೆಸ್ತಿರೋರಿಗೆ ಇದು ಉಪಕಾರ ಅಲ್ಲ, ಅಗತ್ಯ. ಮನೆ ಒಳಗೆ ಗಂಡ ಹೆಂಡತಿ ಕೆಲಸ ಹಂಚ್ಕೊಳ್ಳೋವಾಗ ಒಂದು ಕೆಲಸ ಪೂರ್ತಿ ಒಬ್ರದ್ದಾಗ್ಲಿ. ಲಸಿಕೆ ನಿಮ್ಮದು ಅಂದ್ರೆ ಡೇಟ್ ನೆನಪಿಟ್ಕೊಳ್ಳೋದು, ಅಪಾಯಿಂಟ್‌ಮೆಂಟ್, ಕಾರ್ಡ್ ಹುಡುಕೋದು, ರಾತ್ರಿ ಜ್ವರ ಬಂದ್ರೆ ಎದ್ದಿರೋದು ಎಲ್ಲ ನಿಮ್ಮದು. ಹೆಂಡತಿ ಪಟ್ಟಿ ಮಾಡಿಕೊಟ್ಟು, ಎರಡು ಸಲ ನೆನಪಿಸಿ, ಆಮೇಲೆ ಗಂಡ ಹೋಗಿ ಬಂದ್ರೆ ಅವಳ ತಲೆಯ ಭಾರ ಹಾಗೇ ಇರತ್ತೆ.

ಆಮೇಲೆ ಪ್ರಶ್ನೆಗಳು.

ಒಬ್ರು ಅಜ್ಜಿ, "ನಾವು ಇದೇನೂ ಓದದೆ ಮಕ್ಕಳನ್ನ ಬೆಳೆಸಿಲ್ವಾ?" ಅಂದ್ರು. ಬೆಳೆಸಿದೀರ ಅಮ್ಮ, ಚೆನ್ನಾಗೇ ಬೆಳೆಸಿದೀರ, ಆದ್ರೆ ಆಗ ಎಷ್ಟೋ ಮನೆಯಲ್ಲಿ ಮಗುವನ್ನ ಎತ್ಕೊಳ್ಳೋಕೆ ನಾಲ್ಕು ಜನ ಇರ್ತಿದ್ರು, ಈಗ ನಿಮ್ಮ ಸೊಸೆಗೆ ಹಗಲೆಲ್ಲ ಒಬ್ರೂ ಇಲ್ಲ. ನಿಮಗೆ ಗೊತ್ತಿರೋದನ್ನೆಲ್ಲ ಹೇಳ್ಕೊಡಿ, ಮಗು ಎದುರಿಗೆ ಮಾತ್ರ ಅವಳು ಬೇಡ ಅಂದಿದ್ದಕ್ಕೆ ಹೂಂ ಅನ್ಬೇಡಿ, ಆಮೇಲೆ ಇಬ್ರೇ ಇದ್ದಾಗ ಮಾತಾಡ್ಕೊಳ್ಳಿ.

ಇನ್ನೊಬ್ರು, ಎರಡನೇ ಮಗು ಹುಟ್ಟಿದ್ಮೇಲೆ ದೊಡ್ಡದು ಮತ್ತೆ ಚಡ್ಡೀಲೇ ಸುಸ್ಸು ಮಾಡ್ತಿದೆ, ಪಾಪು ಥರ ಮಾತಾಡ್ತಿದೆ ಅಂದ್ರು. ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗತ್ತೆ. ದೊಡ್ಡೋನಾಗಿದೀಯ ನಾಚಿಕೆ ಆಗಲ್ವಾ ಅನ್ಬೇಡಿ. ದಿನಾ ಹತ್ತು ಹದಿನೈದು ನಿಮಿಷ ಪಾಪುನ ಬೇರೆಯವರ ಕೈಗೆ ಕೊಟ್ಟು ಇದರ ಜೊತೆ ಇದು ಹೇಳಿದ ಆಟ ಆಡಿ. ಉರಿ, ನೋವು ಇದೆ ಅಂದ್ರೆ ಡಾಕ್ಟರ್‌ಗೆ ತೋರಿಸಿ.

ಕೊನೇಗೆ ಹಿಂದಿನ ಸಾಲಿಂದ ಒಬ್ರು ಅಪ್ಪ, "ನಾನು ಮನೆಗೆ ಬರೋದೇ ರಾತ್ರಿ ಎಂಟಕ್ಕೆ, ನಾನೇನ್ ಮಾಡ್ಲಿ ಹೇಳಿ" ಅಂತ ಕೇಳಿದ್ರು, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು ಅದು. ಮಲಗಿಸೋದನ್ನ ನೀವು ತಗೊಳ್ಳಿ ಅಂದೆ. ಕೈಕಾಲು ತೊಳ್ಸೋದು, ಹಲ್ಲುಜ್ಜಿಸೋದು, ಒಂದು ಕಥೆ, ಲೈಟ್ ಆಫ್, ದಿನಾ ಅದೇ ಕ್ರಮದಲ್ಲಿ. ಮೊದಮೊದಲು ಮಗು ಅಮ್ಮಾನೇ ಬೇಕು ಅಂತ ಅಳತ್ತೆ, ನಿಮಗೆ ಬೇಜಾರಾಗತ್ತೆ, ಅಮ್ಮನಿಗೆ ಒಳಗೆ ಓಡಿ ಬರೋಣ ಅನ್ನಿಸತ್ತೆ. ಅಮ್ಮ ಬರ್ಬಾರದು, ನೀವೂ ಕರೀಬಾರದು, ಅಮ್ಮ ಬೇಕಾ ಹೂಂ ಕಣೋ ಅಂತ ಪಕ್ಕದಲ್ಲೇ ಮಲಗಿರಿ. ಮಗು ನಿಮ್ಮ ಜೊತೆಗೂ ಮಲಗೋದು ರೂಢಿ ಮಾಡ್ಕೊಳತ್ತೆ, ಸ್ವಲ್ಪ ದಿನ ಬೇಕು. ಆ ಹೊತ್ತಲ್ಲಿ ಅಮ್ಮ ಏನ್ ಮಾಡ್ಬೇಕು ಅಂತ ಅವರ ಹೆಂಡತಿ ಪಕ್ಕದಿಂದ ಕೇಳಿದ್ರು. ಪಾತ್ರೆ ತೊಳೀಬೇಡಿ, ಸುಮ್ನೆ ಕೂತ್ಕೊಳ್ಳಿ ಅಂದೆ.